ನೇತ್ರಾಣಿಯ ಹವಳದ ಮೇಲೆ ಲಂಗರು ಬೇಡ

ಮಾನ್ಯ ಸಂಪಾದಕರೇ,

ಫ್ರಾನ್ಸಿನ ‘ತಾರಾ’ ಎಂಬ ಹಾಯಿಹಡಗು 2016ರಿಂದ 2018ರವರೆಗೆ ಶಾಂತ ಸಾಗರದ ದ್ವೀಪಗಳನ್ನು ಸುತ್ತಿ ಹವಳಗಳ ಅಧ್ಯಯನ ಮಾಡಿತು. ಉದ್ದ ಬರೀ 36 ಮೀಟರ್. ಅಷ್ಟರಲ್ಲೇ ವಿಜ್ಞಾನಿಗಳು, ನಾವಿಕರು, ಸಲಕರಣೆ ಎಲ್ಲ. ಅದರ ಬಗ್ಗೆ ಓದಿದಾಗ ನೆನಪಾಗಿದ್ದು ನಮ್ಮ ನೇತ್ರಾಣಿ.

ಮುರುಡೇಶ್ವರದಿಂದ ಬೋಟಿನಲ್ಲಿ ಹೋದರೆ ಸಿಗುವ ಈ ದ್ವೀಪದ ಸುತ್ತ ಹವಳವಿದೆ. ಕಳೆದ ಡಿಸೆಂಬರ್‌ನಲ್ಲಿ ಹೋಗಿದ್ದೆ. ನಮ್ಮ ಬೋಟಿನ ಲಂಗರು ಎತ್ತಿದಾಗ ಕೊಕ್ಕೆಗೆ ಬೆರಳುದ್ದದ ಹವಳದ ತುಂಡು ಸಿಕ್ಕಿಕೊಂಡಿತ್ತು. ಮುಟ್ಟಿದರೆ ಲೋಳೆ ಲೋಳೆ. ಜೀವ ಇತ್ತು. ಮುರಿದ ಜಾಗ ಸುಣ್ಣದಂತೆ ಬೆಳ್ಳಗಿತ್ತು. ತುಂಬಾ ಸಂಕಟವಾಯಿತು. ಕೆಲವು ಜಾತಿಯ ಹವಳ ವರ್ಷಕ್ಕೆ ಒಂದು ಸೆಂಟಿಮೀಟರೂ ಬೆಳೆಯುವುದಿಲ್ಲ. ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಒಂದನೇ ಪಟ್ಟಿಯಲ್ಲೇ ಹವಳವೂ ಇದೆ, ಅಲ್ವಾ?

ಹವಳವಿಲ್ಲದ ಕಡೆ ತಳದಲ್ಲಿ ಭಾರ ಇಳಿಸಿ ಅದಕ್ಕೆ ನೀರಿನ ಮೇಲೆ ತೇಲುವ ಬುರುಡೆ, ಅಂದರೆ ಕಾಯಂ ಬೋಯಾ ಕಟ್ಟಿದರೆ ಬೋಟಿನವರು ಅದಕ್ಕೇ ಹಗ್ಗ ಬಿಗಿಯಬಹುದು. ಲಂಗರೇ ಬೇಡ. ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದುವ ಮಕ್ಕಳಿದ್ದಾರೆ, ಕಡಲನ್ನು ಅಂಗೈಯಂತೆ ಬಲ್ಲ ಮೀನುಗಾರರಿದ್ದಾರೆ. ಅವರಿಗೊಂದು ಸಣ್ಣ ಹಾಯಿದೋಣಿ ಕೊಟ್ಟು ವರ್ಷಕ್ಕೆ ಎರಡು ಸಲವಾದರೂ ಅಲ್ಲಿನ ಹವಳ ಹೇಗಿದೆ ಎಂದು ನೋಡಿಸಿ. ಈ ಮಳೆಗಾಲ ಮುಗಿದು ಡೈವಿಂಗ್ ಶುರುವಾಗುವ ಮೊದಲೇ ಬೋಯಾ ಹಾಕಿಸಿ ಎಂದು ಜಿಲ್ಲಾಡಳಿತವನ್ನು ಕೇಳಿಕೊಳ್ಳುತ್ತೇನೆ.

— ಓದುಗ, ಹೊನ್ನಾವರ