ಪಾಟರಿ ಟೌನ್ ನಿಲ್ದಾಣದ ಒಂದು ಗೋಡೆ ಕುಂಬಾರರಿಗೆ ಕೊಡಿ

ಬೆಂಗಳೂರು ಮೆಟ್ರೋ ರೈಲು ನಿಗಮದ ವ್ಯವಸ್ಥಾಪಕ ನಿರ್ದೇಶಕರಿಗೆ,

ಮಾನ್ಯರೇ, ನಮಸ್ಕಾರ.

ಗುಲಾಬಿ ಮಾರ್ಗದ ಸುರಂಗ ಕೊರೆಯುವ ಕೆಲಸ 2024ರಲ್ಲಿ ಮುಗಿಯಿತು. ಡೇರಿ ಸರ್ಕಲ್‌ನಿಂದ ನಾಗವಾರದವರೆಗೆ ನೆಲದಡಿಯಲ್ಲಿ 12 ನಿಲ್ದಾಣಗಳು. ಅದರಲ್ಲಿ ಒಂದು ಪಾಟರಿ ಟೌನ್. ಅಲ್ಲಿನ ಒಂದು ಗೋಡೆಗೆ ಆ ಊರಿನ ಕುಂಬಾರರ ಕೈಯಿಂದಲೇ ಸುಟ್ಟ ಮಣ್ಣಿನ ಬಿಲ್ಲೆಗಳ ಕಲಾಕೃತಿ ಮಾಡಿಸಿ ಎಂದು ಕೇಳುವುದಕ್ಕೇ ಈ ಪತ್ರ.

ಆ ಬೀದಿಗಳಲ್ಲಿ ಈಗಲೂ ಕುಂಬಾರರಿದ್ದಾರೆ. ಗೌರಿ-ಗಣೇಶ ಹತ್ತಿರ ಬಂದರೆ ಮಣ್ಣಿನ ಗಣಪ, ದೀಪಾವಳಿಗೆ ಹಣತೆ. ತಿರುಗುವ ತಿಗರಿಯ ಮೇಲಿನ ಮುದ್ದೆಯ ನೆತ್ತಿಯನ್ನು ಹೆಬ್ಬೆರಳಲ್ಲಿ ಒತ್ತುತ್ತಾರೆ, ಅಂಚು ಚಿವುಟಿ ಬತ್ತಿಗೆ ಜಾಗ ಮಾಡುತ್ತಾರೆ, ದಾರ ಎಳೆದು ಕತ್ತರಿಸುತ್ತಾರೆ. ಆವಿಗೆಯಲ್ಲಿ ಸುಟ್ಟ ಮೇಲೂ ಬೆರಳಿನ ಗೆರೆ ಹಾಗೇ ಇರುತ್ತದೆ. ಇಷ್ಟು ಚೆಂದದ ಕೆಲಸ ನಿಲ್ದಾಣದ ಮೇಲೆಯೇ ನಡೆಯುತ್ತಿರುವಾಗ, ಕೆಳಗೆ ಬರೀ ಗ್ರಾನೈಟ್ ಮತ್ತು ಜಾಹೀರಾತು ಹಾಕಿದರೆ ನ್ಯಾಯವಲ್ಲ.

ನಿಮಗೆ ಇದು ಹೊಸದೂ ಅಲ್ಲ. 2016ರಲ್ಲಿ ತೆರೆದ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಕಲೆ, ವಿನ್ಯಾಸ ಕಲಿಸುವ ಸೃಷ್ಟಿ ಸಂಸ್ಥೆಯ ವಿದ್ಯಾರ್ಥಿಗಳಿಗೆ ಗೋಡೆ ಬಿಟ್ಟುಕೊಟ್ಟಿರಿ. ಅವಸರದಲ್ಲಿ ಓಡುವವರೂ ಅಲ್ಲಿ ಒಂದು ಕ್ಷಣ ತಲೆ ಎತ್ತಿ ನೋಡುತ್ತಾರೆ. ಸ್ಟಾಕ್‌ಹೋಮ್‌ನಲ್ಲಂತೂ 100 ನಿಲ್ದಾಣಗಳಲ್ಲಿ 90ಕ್ಕಿಂತ ಜಾಸ್ತಿ ಕಡೆ ಕಲಾಕೃತಿಗಳಿವೆ. ಅಲ್ಲಿ 1950ರ ದಶಕದಿಂದಲೇ ಕಲಾವಿದರನ್ನು ನಿಲ್ದಾಣದ ಕೆಲಸಕ್ಕೆ ಸೇರಿಸಿಕೊಂಡರು. ಎಲ್ಲ ಮುಗಿದ ಮೇಲೆ ಖಾಲಿ ಜಾಗ ಹುಡುಕಿ ಸುಮ್ನೆ ಚಿತ್ರ ಅಂಟಿಸಿದರೆ ಅಂಥದ್ದು ಆಗುವುದಿಲ್ಲ.

ಬೆಂಕಿಯ ಸುರಕ್ಷತೆ, ಧೂಳು, ತೇವ ಎಂದು ನಿಮ್ಮ ಎಂಜಿನಿಯರುಗಳು ಕೇಳುತ್ತಾರೆ, ಕೇಳಲೇಬೇಕು. ಸುಟ್ಟ ಮಣ್ಣಿನ ಬಿಲ್ಲೆ ಬೆಂಕಿಯಲ್ಲೇ ಹುಟ್ಟಿದ್ದು, ಅದು ಉರಿಯುವುದಿಲ್ಲ. ಮೆರುಗು ಹಚ್ಚಿ ಸುಟ್ಟರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಒಡೆದರೆ ಒಂದನ್ನೇ ತೆಗೆದು ಇನ್ನೊಂದು ಕೂರಿಸಬಹುದು, ಮಾಡಿಕೊಡುವವರು ಮೆಟ್ಟಿಲು ಹತ್ತಿದರೆ ಸಿಗುತ್ತಾರೆ!

ಒಂದೇ ವಿಷಯದಲ್ಲಿ ನನಗೆ ಭಯ. ಈ ಕೆಲಸವನ್ನು ಟೈಲ್ಸ್, ಪೇಂಟಿಂಗ್ ಟೆಂಡರಿನ ಜೊತೆ ಸೇರಿಸಬೇಡಿ. ಕಡಿಮೆ ದರ ಹಾಕಿದವರಿಗೆ ಹೋದರೆ ಎಲ್ಲಿಂದಲೋ ಅಚ್ಚಿನ ಬಿಲ್ಲೆ ಬರುತ್ತದೆ, ಕುಂಬಾರರ ಚಿತ್ರ ಮಾತ್ರ ಗೋಡೆಗೆ, ಅವರ ಕೈಗೆ ಏನೂ ಇಲ್ಲ. ಅವರಿಗೆ ನೇರವಾಗಿ ಕೂಲಿ ಕೊಡಿ, ಸರಿಯಾದ ಕೂಲಿ. ಗೋಡೆಯ ಪಕ್ಕ ಅವರ ಹೆಸರುಗಳನ್ನು ಕನ್ನಡದಲ್ಲಿ ಬರೆಸಿ. ಜಾಹೀರಾತಿನ ಆದಾಯ ಬೇಕು, ಒಪ್ಪುತ್ತೇನೆ. ಆದರೆ ಟಿಕೆಟ್ ಗೇಟ್ ದಾಟಿದ ಕೂಡಲೇ ಕಣ್ಣಿಗೆ ಬೀಳುವ ಗೋಡೆಯನ್ನು ಅದಕ್ಕೆ ಬಿಡಬೇಡಿ.

ಗಣಪನ ಕೆಲಸ ಶುರುವಾದರೆ ಅವರಿಗೆ ಪುರಸೊತ್ತು ಇರುವುದಿಲ್ಲ. ಅದಕ್ಕೂ ಮೊದಲು ನಿಮ್ಮ ವಾಸ್ತುಶಿಲ್ಪಿಯನ್ನು ಕರೆದುಕೊಂಡು ಒಂದು ಬೆಳಿಗ್ಗೆ ಅಲ್ಲಿಗೆ ಬನ್ನಿ. ಗೋಡೆಯ ಅಳತೆಯ ನಕ್ಷೆ ತನ್ನಿ, ಉಳಿದದ್ದನ್ನು ಅವರ ಜೊತೆ ಕೂತು ಮಾತಾಡಬಹುದು.

ಇಂತಿ,
ದಿನಾ ಮೆಟ್ರೋದಲ್ಲಿ ಓಡಾಡುವ ಒಬ್ಬ ಬೆಂಗಳೂರಿಗ