ಫೆಲೋಶಿಪ್ ಅರ್ಜಿ ಬರೆಯುತ್ತಿರುವ ತಂಗಿಗೆ

ವಿಜಯಪುರ

ಪ್ರೀತಿಯ ತಂಗಿ,

ವಿದೇಶದಲ್ಲಿ ಪತ್ರಿಕೋದ್ಯಮ ಕಲಿಯುವ ಫೆಲೋಶಿಪ್ಪಿಗೆ ನೀನು ಬರೆದ ಪ್ರಬಂಧ ಓದಿದೆ. ಇಂಗ್ಲಿಷ್ ಚೆನ್ನಾಗಿದೆ. ಆದರೆ ದಿಲ್ಲಿಯಲ್ಲಿ ಕೂತವರು ಯಾರಾದರೂ ಇದನ್ನು ಬರೆಯಬಹುದಿತ್ತು. ಜಾಗತಿಕ ಪತ್ರಿಕೋದ್ಯಮದ ಬಗ್ಗೆ ಅಷ್ಟು ಬರೆದಿದ್ದೀಯ, ನಿನ್ನ ಬಾಗಲಕೋಟೆ ಎಲ್ಲೂ ಇಲ್ಲವಲ್ಲ!

ಆಲಮಟ್ಟಿ ಹಿನ್ನೀರಿಗೆ ಮನೆ ಕೊಟ್ಟು ನವನಗರ ಸೇರಿದವರ ಮಾತು ಕೇಳುತ್ತಲೇ ನೀನು ವರದಿಗಾರ್ತಿ ಆದವಳು. ಈಗ ಅಣೆಕಟ್ಟೆಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆ ಇದೆ. ಇನ್ನಷ್ಟು ಊರು, ಹೊಲ ಮುಳುಗುತ್ತವೆ. ಪರಿಹಾರದಲ್ಲಿ ಒಣಭೂಮಿಗೆ ಒಂದು ದರ, ನೀರಾವರಿ ಭೂಮಿಗೆ ಇನ್ನೊಂದು. ಯಾರ ಹೊಲ ಯಾವ ಪಟ್ಟಿಗೆ ಹೋಯಿತು, ಯಾಕೆ ಹೋಯಿತು? ಇದನ್ನು ದಾಖಲೆ ಸಮೇತ ಬರೆಯೋದು ಕಲಿಯಬೇಕು ಅಂತ ಅರ್ಜಿಯಲ್ಲಿ ಹೇಳು. ನಿನ್ನನ್ನು ಆರಿಸಲು ಅವರಿಗೂ ಒಂದು ಕಾರಣ ಬೇಕು ಅಲ್ವಾ?

ನೀಮನ್ ಫೆಲೋಶಿಪ್ 1938ರಿಂದ ಇದೆ. ಹಾರ್ವರ್ಡ್‌ನಲ್ಲಿ ಒಂದು ವರ್ಷ ಓದು. ಸದ್ಯ ಅದು ಬೇಡ. 1984ರಲ್ಲಿ ಶುರುವಾದ ಆಲ್‌ಫ್ರೆಡ್ ಫ್ರೆಂಡ್ಲಿ ಥರದ್ದು ನಿನಗೆ ಸರಿ. ಅದು ತರಬೇತಿ ಕೊಟ್ಟು, ಅಮೆರಿಕದ ಸುದ್ದಿಮನೆಯಲ್ಲೇ ಕೆಲಸಕ್ಕೆ ಕೂರಿಸುತ್ತದೆ. ಡೆಸ್ಕಿನ ಎದುರು ಕೂತು ಕಲಿಯೋದು ತರಗತಿಯಲ್ಲಿ ಸಿಗುವುದಿಲ್ಲ.

ಫೆಲೋಶಿಪ್‌ನಲ್ಲಿ ನಾನು ಹೋಗಿದ್ದ ಅಮೆರಿಕದ ಪತ್ರಿಕೆಯಲ್ಲಿ ಒಬ್ಬ ಹಿರಿಯ ಸಂಪಾದಕಿ ಇದ್ದರು. ಯಾರದೇ ವರದಿ ಬರಲಿ, ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು: ಯಾರು ಹೇಳಿದ್ದು? ಕಾಗದ ಎಲ್ಲಿ? 'ಮೂಲಗಳ ಪ್ರಕಾರ' ಅಂತಿದ್ದರೆ ಕೆಳಗೆ ದಪ್ಪ ಗೀಟು. ಹೆಸರು ಹಾಕಲು ಆಗದಿದ್ದರೆ, ಯಾಕೆ ಆಗಲಿಲ್ಲ ಅಂತ ಓದುಗರಿಗೆ ಹೇಳಲೇಬೇಕು. ಅಲ್ಲಿನ ಮಾಹಿತಿ ಕಾಯ್ದೆ 1966ರದ್ದು, ನಮ್ಮ ಮಾಹಿತಿ ಹಕ್ಕು 2005ರದ್ದು. ಕಾಯ್ದೆ ನಮ್ಮಲ್ಲೂ ಇದೆ. ಪ್ರತಿ ದೊಡ್ಡ ವರದಿಗೂ ಮೊದಲು ಅರ್ಜಿ ಹಾಕುವ ರೂಢಿ ಮಾತ್ರ ನನಗೆ ಅಲ್ಲಿ ಬಂತು. ಊರಿಗೆ ಬಂದ ಮೇಲೂ ಅದು ಬಿಡಲಿಲ್ಲ.

ಇನ್ನೊಂದು ಮಾತು. ಚೀವ್ನಿಂಗ್ ಫೆಲೋಶಿಪ್ಪಿಗೆ ಬ್ರಿಟನ್ ಸರ್ಕಾರದ ದುಡ್ಡು, ಹೊರದೇಶದವರನ್ನು ಕರೆಸಿಕೊಳ್ಳುವ ಐವಿಎಲ್‌ಪಿ ಎಂಬ ಭೇಟಿ ಕಾರ್ಯಕ್ರಮಕ್ಕೆ ಅಮೆರಿಕ ಸರ್ಕಾರದ್ದು. ಹೋಗೋದರಲ್ಲಿ ತಪ್ಪಿಲ್ಲ. ಆದರೆ ತಮ್ಮ ದೇಶ ಚೆನ್ನಾಗಿ ಕಾಣಲಿ ಅಂತ ಅವರಿಗೂ ಆಸೆ ಇರುತ್ತದೆ. ಅವರು ತೋರಿಸಿದ್ದನ್ನು ನೋಡು, ತೋರಿಸದೇ ಇದ್ದದ್ದನ್ನೂ ಕೇಳು. ಅಮೆರಿಕದಲ್ಲಿ ಎಷ್ಟೋ ಸಣ್ಣ ಊರಿನ ಪತ್ರಿಕೆಗಳು ಮುಚ್ಚಿಹೋಗಿವೆ. ಆ ಊರಿನ ಸುದ್ದಿ ಈಗ ಯಾರು ಬರೆಯುತ್ತಾರೆ ಅಂತ ವಿಚಾರಿಸು. ಜಿಲ್ಲಾ ವರದಿಗಾರ್ತಿಗೆ ಅದು ತೀರಾ ಹತ್ತಿರದ ವಿಷಯ.

ಆಫೀಸಿನಲ್ಲಿ ರಜೆಯ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡಬೇಡ, ಬರಹದಲ್ಲೇ ತಗೋ. ಹೊಸ ಪ್ರಬಂಧ ಭಾನುವಾರದೊಳಗೆ ಕಳಿಸು, ಓದಿ ಹೇಳುತ್ತೇನೆ.

ನಿನ್ನ ಅಣ್ಣ