ಅಜ್ಜಿಯರಿಗೂ ಕಲಿಸಿ

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದಲ್ಲಿ ನನ್ನ ಮಗಳ ಬಾಣಂತನ ನಾನೇ ಮಾಡಿದೆ. ನಾನು ಎರಡು ಹೆತ್ತವಳು, ತಂಗಿಯರ ಬಾಣಂತನವನ್ನೂ ಮಾಡಿದವಳು, ಹಾಗಾಗಿ ಎಲ್ಲ ಗೊತ್ತು ಅಂದುಕೊಂಡಿದ್ದೆ. ಮೆಂತ್ಯದ ಉಂಡೆ, ಬೆಳ್ಳುಳ್ಳಿ, ಕಾಳುಮೆಣಸಿನ ಸಾರು, ಹಂಡೆ ತುಂಬ ಬಿಸಿನೀರು, ಯಾವುದಕ್ಕೂ ಕಮ್ಮಿ ಮಾಡಲಿಲ್ಲ. ಆದರೆ ಐದನೇ ದಿನ ಮಗು ಅಳು ನಿಲ್ಲಿಸಲೇ ಇಲ್ಲ. ಮಗಳ ಎದೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ತೊಟ್ಟು ಒಡೆದು ರಕ್ತ ಬರುತ್ತಿತ್ತು. "ಹಾಲು ಸಾಲ್ತಿಲ್ಲ ಕಣೇ, ಡಬ್ಬಿ ಹಾಲು ತರಿಸೋಣ" ಅಂದವಳು ನಾನೇ. ಹಾಲು ಕಟ್ಟಿಕೊಂಡು ಅವಳು ಒದ್ದಾಡುತ್ತಿರುವಾಗ ಹಾಲು ಸಾಲದು ಅಂತ ಹೇಗೆ ಹೇಳಿದೆನೋ, ಈಗ ನೆನೆಸಿಕೊಂಡರೂ ಸಂಕಟ ಆಗುತ್ತದೆ.

ಆಸ್ಪತ್ರೆಯಲ್ಲಿ ಹೆರಿಗೆ ಆದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು ಅಂತ ನಿಯಮ ಇದೆ. ಮೂರನೇ ದಿನ ನಾವಿನ್ನೂ ಆಸ್ಪತ್ರೆಯಲ್ಲೇ ಇದ್ದೆವು. ಏಳನೇ ದಿನ ನಮ್ಮೂರ ಆಶಾ ಬಂದರು. ಆಗುಂಬೆ ಕಡೆಯ ಮಳೆ ಗೊತ್ತಲ್ವಾ, ಕಾಲುಸಂಕ ದಾಟಿ ಅರ್ಧ ನೆನೆದುಕೊಂಡೇ ಬಂದಿದ್ದರು. ಮಗುವಿನ ತೂಕ ನೋಡಿ, "ತಂಗಿ, ಒಂದ್ಸಲ ಕುಡಿಸು, ನೋಡ್ತೀನಿ" ಅಂದರು. ಮಗಳು ಬಗ್ಗಿ ಕೂತು, ಹಲ್ಲು ಕಚ್ಚಿಕೊಂಡು, ಮೊಲೆಯನ್ನು ಮಗುವಿನ ಬಾಯಿಗೆ ತರುತ್ತಿದ್ದಳು. ಅವರು ಮೊದಲು ಬಿಸಿಬಟ್ಟೆ ಇಡಿಸಿ ಸ್ವಲ್ಪ ಹಾಲು ಹಿಂಡಿಸಿ ಎದೆ ಮೆತ್ತಗೆ ಮಾಡಿಸಿದರು. ಬೆನ್ನಿಗೆ ಎರಡು ದಿಂಬು ಕೊಟ್ಟು ಒರಗಿಸಿ, ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವ ಹಾಗೆ ತಿರುಗಿಸಿದರು. ತುಟಿಗೆ ತೊಟ್ಟು ಸವರಿದಾಗ ಮಗು ಬಾಯಿ ಅಗಲ ತೆರೆಯಿತು, ತಕ್ಷಣ ಅದನ್ನು ಎದೆಗೆ ಹತ್ತಿರ ತಂದರು. ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಗುಟುಕ್ ಗುಟುಕ್ ಅಂತ ನುಂಗುವ ಸದ್ದು ಕೇಳಿಸಿತು. ಮಗಳ ಬಿಗಿದಿದ್ದ ದವಡೆ ಸಡಿಲವಾಯಿತು.

ಆಮೇಲೆ ನನ್ನ ಕಡೆ ತಿರುಗಿದರು. "ಅಮ್ಮಾ, ಮಗು ಕುಡಿದಷ್ಟೂ ಹಾಲು ಊರುತ್ತೆ. ಡಬ್ಬಿ ಹಾಲಲ್ಲಿ ಹೊಟ್ಟೆ ತುಂಬಿಸಿದ್ರೆ ಅದು ಎದೆಗೆ ಬರಲ್ಲ, ಹಾಲೂ ಕಮ್ಮಿ ಆಗುತ್ತೆ. ದಿನಕ್ಕೆ ಆರು ಸಲ ಉಚ್ಚೆ ಹೊಯ್ದು, ತೂಕ ಏರ್ತಾ ಇದ್ರೆ ಹಾಲು ಸಾಲ್ತಿದೆ ಅಂತಾನೇ ಲೆಕ್ಕ."

ಇಷ್ಟನ್ನು ನನಗೆ ಅಲ್ಲಿಯವರೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಾಣಂತಿ ನೀರು ಜಾಸ್ತಿ ಕುಡಿಯಬಾರದು, ಹುಟ್ಟಿದ ಮಗುವಿಗೆ ಜೇನು ನೆಕ್ಕಿಸಬೇಕು, ಮೊದಲ ಹಳದಿ ಹಾಲು ಹಿಂಡಿ ಚೆಲ್ಲಬೇಕು ಅಂತ ನನ್ನ ಅತ್ತೆ ಹೇಳಿದ್ದರು, ನಾನೂ ಅದನ್ನೇ ಹೇಳುತ್ತಾ ಬಂದಿದ್ದೆ. ಇವು ಮೂರೂ ತಪ್ಪು, ಜೇನನ್ನಂತೂ ವರ್ಷ ತುಂಬುವವರೆಗೆ ಕೊಡಲೇಬಾರದು. ಕೊಟ್ಟಿಗೆಯಲ್ಲಿ ಹಸು ಕರು ಹಾಕಿದರೆ ಮೊದಲ ಹಾಲು ಕರುವಿಗೆ ಬಿಡಬೇಕು ಅಂತ ಗೊತ್ತಿರುವ ನಾವು ನಮ್ಮ ಮಕ್ಕಳ ಪಾಲಿನದನ್ನು ಚೆಲ್ಲಿದ್ದೇವೆ.

ನಾನು ಕೇಳುವುದು ಇಷ್ಟೇ. ಮಲೆನಾಡಿನಲ್ಲಿ ಗುಡ್ಡಕ್ಕೊಂದು ಮನೆ. ರಾತ್ರಿ ಎರಡು ಗಂಟೆಗೆ ಮಗು ಅತ್ತರೆ ಬಾಣಂತಿ ಪಕ್ಕದಲ್ಲಿ ಇರುವುದು ಡಾಕ್ಟರಲ್ಲ, ನರ್ಸಲ್ಲ, ತಾಯಿ ಅಥವಾ ಅತ್ತೆ. ಡಬ್ಬಿ ತರಿಸಬೇಕೋ ಬೇಡವೋ ಅಂತ ತೀರ್ಮಾನ ಆಗುವುದೂ ನಮ್ಮ ಬಾಯಲ್ಲೇ. ಆದರೆ ಕಲಿಸುವುದೆಲ್ಲ ಬಸುರಿಗೆ ಮಾತ್ರ. ಎದೆಹಾಲು ಕುಡಿಸುವುದನ್ನು ಉತ್ತೇಜಿಸಲು 2016ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ 'ಮಾ' ಕಾರ್ಯಕ್ರಮದಲ್ಲಿ ಆಶಾಗಳು ತಾಯಂದಿರ ಸಭೆ ನಡೆಸಬೇಕು ಅಂತ ಇದೆ. ಆ ಸಭೆಗೆ ನಮ್ಮನ್ನೂ ಕರೆಯಿರಿ. ಏಳು, ಎಂಟು ತಿಂಗಳಲ್ಲಿ ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಬಂದಾಗಲೇ ಬಾಣಂತನ ಮಾಡುವವರನ್ನೂ ಅರ್ಧ ಗಂಟೆ ಕೂರಿಸಿ, ಒಂದು ಗೊಂಬೆ ಇಟ್ಟುಕೊಂಡು ತೋರಿಸಿ. ಆಮೇಲೆ ಒಂದೂವರೆ ತಿಂಗಳ ಲಸಿಕೆಗೆ ಬಂದಾಗ ಇನ್ನೊಂದ್ಸಲ. ಆಶಾ ಒಬ್ಬರೇ ಮಳೆಯಲ್ಲಿ ಎಷ್ಟು ಮನೆ ಅಂತ ಸುತ್ತಬೇಕು?

ಮಗಳ ಕೆಲಸದ ವಿಷಯವನ್ನೂ ಹೇಳಬೇಕು. ಶಿವಮೊಗ್ಗದಲ್ಲಿ ಅವಳು ಕೆಲಸ ಮಾಡುವ ಬಟ್ಟೆ ಅಂಗಡಿಯಲ್ಲಿ ಇರುವುದೇ ಆರು ಜನ. 2017ರಲ್ಲಿ ಹೆರಿಗೆ ರಜೆ 26 ವಾರ ಆಯಿತು, ಆದರೆ ಹತ್ತು ಜನರೂ ಇಲ್ಲದ ಅಂಗಡಿಗೆ ಆ ಕಾನೂನು ಬರುವುದಿಲ್ಲ. ಮಗುವಿಗೆ ನಾಲ್ಕು ತಿಂಗಳಾಗುವಾಗ ಅವಳು ಕೆಲಸಕ್ಕೆ ಹೋದಳು, ಮಗುವನ್ನು ನೋಡಿಕೊಳ್ಳಲು ನಾನೂ ಜೊತೆಗೆ ಬಂದೆ. ಬೆಳಿಗ್ಗೆ ಅವಳು ಸ್ಟೀಲ್ ಡಬ್ಬಿಗೆ ಹಾಲು ಹಿಂಡಿಟ್ಟು ಹೋಗುತ್ತಾಳೆ, ನಾನು ಒಳಲೆಯಲ್ಲಿ (ಮೂತಿ ಇರುವ ಪುಟ್ಟ ಬಟ್ಟಲು) ಕುಡಿಸುತ್ತೇನೆ. ಹೊರಗಿಟ್ಟರೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ ಅಂತ ಹೇಳಿಕೊಟ್ಟವರೂ ಅದೇ ಆಶಾ. ಊರಿಗೆ ಹೋಗುವಾಗ ಒಂದು ಬಸ್ ನಿಲ್ದಾಣದಲ್ಲಿ ಮಗುವಿಗೆ ಹಾಲುಣಿಸುವ ಕೋಣೆಗೆ ಬೀಗ ಹಾಕಿತ್ತು, ಕೀಲಿ ಯಾರ ಹತ್ತಿರ ಅಂತ ಮೂರು ಕಡೆ ಕೇಳಿದರೂ ಸಿಗಲಿಲ್ಲ. ಕೊನೆಗೆ ನನ್ನ ಸೆರಗು ಅಡ್ಡ ಹಿಡಿದು ನಿಂತೆ. ಕೋಣೆ ಕಟ್ಟಿಸಿದವರು ದಯವಿಟ್ಟು ಬಾಗಿಲನ್ನೂ ತೆರೆದಿಡಿ.

ನಮ್ಮೂರ ಅಂಗನವಾಡಿಯಲ್ಲಿ ಇಂಥ ಸಭೆ ಕರೆದರೆ ಎರಡು ದಿಂಬು ಹಿಡಿದುಕೊಂಡು ನಾನೇ ಬರುತ್ತೇನೆ. ಕೆಳಮನೆಯ ಸೊಸೆಗೆ ಈಗ ಎಂಟು ತಿಂಗಳು. ಅವಳ ಅತ್ತೆಯನ್ನೂ ಕರೆದುಕೊಂಡೇ ಬರುತ್ತೇನೆ.

ಇಂತಿ,
ಒಬ್ಬ ಅಜ್ಜಿ
ತೀರ್ಥಹಳ್ಳಿ ತಾಲ್ಲೂಕು